ಹದವನ್ನು ಅಳತೆಗೆ ತಂದ ಪ್ರಾಧ್ಯಾಪಕ ವಾರನ್ ಲೂಯಿಸ್



ಆಲೆಮನೆಯನ್ನು ಕಾಣದವರು ತಮ್ಮಲ್ಲಿ ವಿರಳ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಪಾಕವನ್ನು ಯಾವ ಗಳಿಗೆಯಲ್ಲಿ ಇಳಿಸತಕ್ಕದ್ದೆಂಬುದನ್ನು ಅನುಭವಸ್ಥನಾದ ಮುದುಕನೊಬ್ಬನೇ ಬಲ್ಲನು. ಕಾರಣವನ್ನು ಕೇಳಿದರೆ ಹದ ಕಣ್ಣಿಗೆ ಕಾಣುವುದೆಂದಾನೇ ಹೊರತು ಬೇರೇನನ್ನೂ ಹೇಳಲಾರನು. ಆತನು ಹಾಸಿಗೆ ಹಿಡಿದ ವರ್ಷ ಬೆಲ್ಲವೂ ಕೆಡುವುದು. ನೂರಿಪ್ಪತ್ತು ವರ್ಷಗಳಿಗೆ ಹಿಂದೆ ಪಾಶ್ಚಾತ್ಯ ದೇಶಗಳ ಸಕ್ಕರೆ, ಚರ್ಮ, ಸಾಬೂನು, ಎಣ್ಣೆಗಳ ಕಾರ್ಖಾನೆಗಳಲ್ಲಿಯೂ ಬಹುಮಟ್ಟಿಗೆ ಇದೇ ಸ್ಥಿತಿಯಿದ್ದಿತು. ಆ ಹದವನ್ನು ಅಳತೆಗೆ ತಂದು, ಕಲಿಸಬಹುದಾದ ವಿದ್ಯೆಯನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯರು ವಾರನ್ ಲೂಯಿಸರು.

ಇವರು ೧೮೮೨ನೆಯ ಇಸವಿ ಆಗಸ್ಟ್ ೨೧ರಂದು ಅಮೆರಿಕಾದ ಡೆಲವೇರ್ ಸಂಸ್ಥಾನದ ಲಾರೆಲ್ ಎಂಬಲ್ಲಿ ರೈತರ ಮನೆಯಲ್ಲಿ ಜನಿಸಿದರು. ವಿದ್ಯೆ ಕಲಿತು ಹೊಲಕ್ಕೇ ಮರಳಬೇಕೆಂಬ ಎಣಿಕೆಯಿಂದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯನ್ನು ಸೇರಿದವರು, ಅಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಎಂಬ ಎಳೆಯ ಶಾಸ್ತ್ರದ ಬಲೆಗೆ ಬಿದ್ದರು. ೧೯೦೫ರಲ್ಲಿ ಪದವಿ, ೧೯೦೮ರಲ್ಲಿ ಜರ್ಮನಿಯ ಬ್ರೆಸ್ಲೌದಲ್ಲಿ ಡಾಕ್ಟರೇಟು, ಬಳಿಕ ಸ್ವಲ್ಪಕಾಲ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಕೆಲಸ, ೧೯೧೦ರಿಂದ ತಾವು ಕಲಿತ ಸಂಸ್ಥೆಯಲ್ಲಿಯೇ ಅಧ್ಯಾಪಕತ್ವ. ಬ್ರೆಸ್ಲೌದ ಪಾಂಡಿತ್ಯಕ್ಕಿಂತ ಆ ಚರ್ಮದ ತೊಟ್ಟಿಗಳೇ ಅವರಿಗೆ ಹೆಚ್ಚು ಕಲಿಸಿರಬೇಕೆಂದು ನನ್ನ ಊಹೆ.

ಆ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಬೇರೆ ಇದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜಾರ್ಜ್ ಡೇವಿಸರು ೧೮೮೭ರಲ್ಲಿ ಉಪನ್ಯಾಸಮಾಲೆಯೊಂದನ್ನು ಕೊಟ್ಟಿದ್ದರು. ಮರುವರ್ಷವೇ ಮ್ಯಾಸಚೂಸೆಟ್ಸಿನಲ್ಲಿ ಲೂಯಿಸ್ ನಾರ್ಟನರು ಪಾಠಕ್ರಮವನ್ನು ಆರಂಭಿಸಿದ್ದರು. ಸಕ್ಕರೆಗೊಂದು ಶಾಸ್ತ್ರ, ಸಾಬೂನಿಗೊಂದು ಶಾಸ್ತ್ರ ಬೇಕಿಲ್ಲ. ಕುದಿಸುವುದು, ಸೋಸುವುದು, ಒಣಗಿಸುವುದು, ಭಟ್ಟಿಯಿಳಿಸುವುದು ಮೊದಲಾದ ಕೆಲವು ಮೂಲಕ್ರಿಯೆಗಳೇ ಎಲ್ಲ ಕಾರ್ಖಾನೆಗಳಲ್ಲಿಯೂ ನಡೆಯುವುವೆಂದು ಆರ್ಥರ್ ಲಿಟಲರು ೧೯೧೫ರಲ್ಲಿ ಸ್ಪಷ್ಟಪಡಿಸಿದರು. ಆದರೆ ಹೆಸರಿಟ್ಟ ಮಾತ್ರಕ್ಕೆ ಲೆಕ್ಕ ಬಂದೀತೆ? ಲೆಕ್ಕವನ್ನು ಒದಗಿಸಿದವರು ಲೂಯಿಸರು. ೧೯೦೯ರಲ್ಲಿ ಭಟ್ಟಿಯ ವಿಷಯ, ೧೯೨೧ರಲ್ಲಿ ಪದಾರ್ಥಗಳು ಒಣಗುವ ವೇಗದ ವಿಷಯ, ೧೯೨೪ರಲ್ಲಿ ವಿಟ್ಮನ್ನರೊಡನೆ ವಾಯುವು ದ್ರವದಲ್ಲಿ ಕರಗುವ ವಿಷಯ ಲೇಖನಗಳನ್ನು ಬರೆದರು. ವಾಕರ್ ಮತ್ತು ಮ್ಯಾಕ್ ಆಡಮ್ಸ್ ಎಂಬವರೊಡನೆ ೧೯೨೩ರಲ್ಲಿ ಪ್ರಕಟಿಸಿದ ಪಠ್ಯಗ್ರಂಥವು ಒಂದು ತಲೆಮಾರಿನ ವಿದ್ಯಾರ್ಥಿಗಳ ಕೈಹೊತ್ತಗೆಯಾಯಿತು. ೧೯೨೦ರಲ್ಲಿ ಸ್ವತಂತ್ರ ವಿಭಾಗವು ಏರ್ಪಟ್ಟಾಗ ಅವರೇ ಮೊದಲ ಮುಖ್ಯಸ್ಥರು. ಒಂಬತ್ತು ವರ್ಷಗಳಾದ ಮೇಲೆ ಆ ಅಧಿಕಾರವನ್ನು ಬಿಟ್ಟು ಪಾಠಕ್ಕೂ ಸಂಶೋಧನೆಗೂ ಹಿಂದಿರುಗಿದರು. ಕುರ್ಚಿಯನ್ನು ಹೀಗೆ ಬಿಡುವವರು ಎಲ್ಲ ದೇಶಗಳಲ್ಲಿಯೂ ಅಪರೂಪವೇ.

ಅವರ ಪಾಠದ ರೀತಿಯು ವಿಲಕ್ಷಣವಾದುದು. ತಪ್ಪಾದ ಮಾತೊಂದನ್ನು ಗಟ್ಟಿಯಾಗಿ ಸಾಧಿಸಿ, ವಿದ್ಯಾರ್ಥಿಯು ಹೂಂಗುಟ್ಟುವವರೆಗೆ ಬಿಡದೆ, ಒಪ್ಪಿದೊಡನೆಯೇ ಯೋಚಿಸದೆ ಏಕೆ ಒಪ್ಪಿದೆಯೆಂದು ಗದರಿಸುವರು. ತಮ್ಮ ಒಂದು ಡಾಲರಿಗೆ ಎದುರಾಳಿಯ ಒಂದು ಡೋನಟ್, ಅಂದರೆ ಕರಿದ ಸಿಹಿತಿಂಡಿ, ಎಂದು ಪಣವೊಡ್ಡುವುದು ಅವರ ವಾಡಿಕೆ. ಗುರುವಿನ ಮಾತೆಂದೇ ತಲೆಬಾಗತಕ್ಕವನು ಅವರ ತರಗತಿಯಲ್ಲಿ ಬಾಳುತ್ತಿರಲಿಲ್ಲ.

ಇನ್ನು ಅವರ ಹಿರಿಯ ಸಾಧನೆ. ಭಾರವಾದ ತೈಲವನ್ನು ಒಡೆದು ಪೆಟ್ರೋಲು ಮಾಡಲು, ಕ್ರಿಯೆಯನ್ನು ಚುರುಕುಗೊಳಿಸುವ ಒಂದು ಬಗೆಯ ಜೇಡಿಯಂಥ ವಸ್ತು ಬೇಕು. ಸ್ವಲ್ಪ ಹೊತ್ತಿಗೇ ಅದಕ್ಕೆ ಮಸಿ ಹತ್ತುವುದು. ಫ್ರಾನ್ಸಿನ ಯೂಜೀನ್ ಹೌಡ್ರಿಯವರ ವಿಧಾನದಲ್ಲಿ ಕೆಲವು ನಿಮಿಷಗಳಿಗೊಮ್ಮೆ ತೈಲವನ್ನು ತಡೆದು, ಗಾಳಿ ಹಾಯಿಸಿ, ಆ ಮಸಿಯನ್ನು ಸುಡಬೇಕಾಗಿದ್ದಿತು. ವಸ್ತುವನ್ನು ಪುಡಿಮಾಡಿ ಹರಿಯಿಸಬಹುದೇ ಎಂಬುದು ಪ್ರಶ್ನೆ. ಕಣದಲ್ಲಿ ತೂರುವಾಗ ಗಾಳಿ ಹೆಚ್ಚಾದರೆ ಕಾಳೂ ಹಾರಿಹೋಗುವುದನ್ನು ತಾವು ಬಲ್ಲಿರಿ. ಆದರೆ ಲೂಯಿಸರೂ ಅವರ ಶಿಷ್ಯರೂ ಸಹೋದ್ಯೋಗಿಯೂ ಆದ ಎಡ್ವಿನ್ ಗಿಲಿಲೆಂಡರೂ ನಡೆಯಿಸಿದ ಪ್ರಯೋಗಗಳಲ್ಲಿ, ಬಿಡಿಕಣವನ್ನು ಒಯ್ಯತಕ್ಕ ವೇಗದ ಗಾಳಿಯಲ್ಲಿಯೂ ಒಟ್ಟುಗೂಡಿದ ಪುಡಿಯು ಹಾರದೆ, ಕುದಿಯುವ ಹಾಲಿನಂತೆ ಉಕ್ಕುತ್ತ ನಿಂತಿತು! ಹಾಗೆ ನಿಂತ ಪುಡಿಯನ್ನು ನೀರಿನಂತೆ ಕೊಳವೆಯಲ್ಲಿ ಹರಿಯಿಸಬಹುದು. ಮಸಿಯನ್ನು ಸುಟ್ಟು ಕಾದ ಪುಡಿಯು, ಮಂಡಕ್ಕಿಭಟ್ಟಿಯ ಮರಳಿನಂತೆ, ಶಾಖವನ್ನೂ ಹೊತ್ತು ತೈಲದ ಪಾತ್ರೆಗೆ ಮರಳುವುದು. ಇದನ್ನು ದೊಡ್ಡ ಯಂತ್ರವಾಗಿ ರೂಪಿಸಿದ ಕೀರ್ತಿ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯ ಎಂಜಿನಿಯರರಿಗೆ ಸಲ್ಲಬೇಕು. ಲೂಯಿಸಿಯಾನಾದ ಬೇಟನ್ ರೂಜಿನಲ್ಲಿ ೧೯೪೨ರ ಮೇ ತಿಂಗಳಲ್ಲಿ ಅದು ನಡೆಯತೊಡಗಿತು. ಅದರ ಸಂತತಿಯು ಇಂದು ಲೋಕದ ನಾನಾ ಶುದ್ಧೀಕರಣಾಗಾರಗಳಲ್ಲಿದೆ. ನಮ್ಮ ಮಂಗಳೂರಿನಲ್ಲಿಯೂ ಉಂಟು.

ಮುಂದಿನದನ್ನು ಮರೆಮಾಚಿದರೆ ತಮಗೆ ವಂಚನೆ ಮಾಡಿದಂತಾದೀತು. ಆ ಪೆಟ್ರೋಲು ಯುದ್ಧವಿಮಾನಗಳಿಗೂ ಹೋಯಿತು. ೧೯೪೨ರ ಕೊನೆಯಲ್ಲಿ ಅಣುಬಾಂಬಿನ ಗುಪ್ತಯೋಜನೆಯನ್ನು ಪರೀಕ್ಷಿಸಿದ ಸಮಿತಿಗೆ ಲೂಯಿಸರೇ ಅಧ್ಯಕ್ಷರು. ವಾಯುರೂಪದ ಯುರೇನಿಯಮ್ಮನ್ನು ಸೂಕ್ಷ್ಮರಂಧ್ರಗಳ ಮೂಲಕ ಹಂತಹಂತವಾಗಿ ಸೋಸಿ ಬೇರ್ಪಡಿಸುವ ವಿಧಾನವನ್ನು ಅವರ ಸಮಿತಿ ಬೆಂಬಲಿಸಿತು. ಓಕ್ ರಿಡ್ಜಿನಲ್ಲಿ ಸಿದ್ಧಪಡಿಸಿದ ಯುರೇನಿಯಮ್ಮು ೧೯೪೫ನೆಯ ಆಗಸ್ಟ್ ೬ರಂದು ಹಿರೋಷಿಮಾದ ಮೇಲೆ ಬಿದ್ದಿತು. ಸೋಸುವುದೂ ಒಂದು ಮೂಲಕ್ರಿಯೆಯೇ. ಏನನ್ನು ಸೋಸಿದರೂ ಅದರ ಗಣಿತವು ತಕರಾರು ಹೇಳುವುದಿಲ್ಲ. ಈ ಮಾತಿಗೆ ನಾನು ಇನ್ನೂ ಸಮಾಧಾನ ಕಂಡಿಲ್ಲ.

ಲೂಯಿಸರು ೧೯೪೮ರಲ್ಲಿ ನಿವೃತ್ತರಾದರು; ೧೯೬೫ರಲ್ಲಿ ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಪದಕವು ಅವರಿಗೆ ದೊರೆಯಿತು; ೧೯೭೫ರಲ್ಲಿ ಕಾಲವಾದರು. ೧೯೫೩ರಲ್ಲಿ ಹಳೆಯ ಶಿಷ್ಯರ ನೆನಪುಗಳನ್ನು ಕೂಡಿಸಿ ಹೊರತಂದ ಪುಸ್ತಕವೊಂದಿದೆ. ಅದರ ಶೀರ್ಷಿಕೆಯೇ ಡಾಲರು ಮತ್ತು ಡೋನಟ್ಟಿನ ಆ ಪಣ.