ಉಳಿಸಿದ ಆಟ ಎಲ್ಲಿ ಉಳಿದಿರುತ್ತದೆ?



ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರವನ್ನು ನಿಮ್ಮಲ್ಲಿ ಕೆಲವರು ಬಳಸಿರಬಹುದು. ಉಳಿದವರು ಮೊಬೈಲ್ ಫೋನಿನಲ್ಲಾದರೂ ಆಡಿರುತ್ತೀರಿ. ಎರಡು ಗಂಟೆ ಆಡಿ, ಏಳು ಹಂತ ದಾಟಿ, ಊಟಕ್ಕೆ ಕರೆ ಬಂದಾಗ ‘ಸೇವ್’ ಎಂಬುದನ್ನು ಒತ್ತುತ್ತೀರಿ. ಆಟವನ್ನು ಉಳಿಸಲಾಗಿದೆ ಎಂಬ ಸಾಲೊಂದು ತೆರೆಯ ಮೇಲೆ ಮೂಡುತ್ತದೆ. ನೀವು ನಿಶ್ಚಿಂತೆಯಿಂದ ಯಂತ್ರವನ್ನು ಆರಿಸಿ ಎದ್ದು ಹೋಗುತ್ತೀರಿ. ಆದರೆ ಅದು ಉಳಿದದ್ದು ಎಲ್ಲಿ? ವಿದ್ಯುತ್ ಇಲ್ಲದಾಗ ಅದನ್ನು ಅಲ್ಲಿ ಹಿಡಿದಿಟ್ಟಿರುವುದು ಏನು? ಆ ಹಿಡಿತ ತಪ್ಪಿದರೆ ಇನ್ನೊಂದು ಪ್ರತಿ ಇದೆಯೆ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಇಂದು ಒಂದು ಪುಟ್ಟ ವಸ್ತುವಿನ ಒಳಗೆ ಇಣುಕಿ ನೋಡೋಣ. ಆ ವಸ್ತುವಿನ ಹೆಸರು ಆಟದ ಕಾರ್ಟ್ರಿಜ್.

ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ‘ಗೇಮ್ ಬಾಯ್’ ಎಂಬ ಕೈಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಬೆನ್ನಿನಲ್ಲಿ ಒಂದು ಸೀಳು; ಅದರೊಳಗೆ ತೂರಿಸಲು ಅಂಗೈಯಲ್ಲಿ ಅಡಗುವಂಥ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ. ಇದೇ ಕಾರ್ಟ್ರಿಜ್. ಒಂದೊಂದು ಆಟಕ್ಕೆ ಒಂದೊಂದು ಡಬ್ಬಿ. ಇದರೊಳಗಿನ ಮುಖ್ಯ ಚಿಪ್ಪಿಗೆ ರೋಮ್ ಎಂದು ಹೆಸರು, ಅಂದರೆ ಓದಲು ಮಾತ್ರ ಬರುವ ಮೆಮೊರಿ. ಕಾರ್ಖಾನೆಯಲ್ಲಿ ಚಿಪ್ ತಯಾರಾಗುವಾಗಲೇ ಆಟದ ಪ್ರೋಗ್ರಾಂ ಅದರ ವಿನ್ಯಾಸದಲ್ಲಿ ಅಚ್ಚಾಗಿಬಿಡುತ್ತದೆ. ಅದೊಂದು ಶಿಲಾಶಾಸನದ ಹಾಗೆ. ಎಷ್ಟು ಸಲ ಬೇಕಾದರೂ ಓದಬಹುದು, ಒಂದಕ್ಷರವನ್ನೂ ತಿದ್ದಲಾಗದು. ಹೀಗಿರುವಾಗ ನೀವು ಏಳನೆಯ ಹಂತ ದಾಟಿದಿರಿ ಎಂಬುದನ್ನು ಎಲ್ಲಿ ಬರೆದುಕೊಳ್ಳುವುದು?

ಮೊದಮೊದಲು ಇದಕ್ಕೆ ಕಂಡುಕೊಂಡ ಉಪಾಯ ತೀರ ಸರಳವಾಗಿತ್ತು: ಆಟಗಾರನೇ ಬರೆದುಕೊಳ್ಳಲಿ! ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕಾಗಿ 1987ರಲ್ಲಿ ಅಮೆರಿಕದಲ್ಲಿ ಕಾರ್ಟ್ರಿಜ್ ರೂಪದಲ್ಲಿ ಬಂದ ‘ಮೆಟ್ರಾಯ್ಡ್’ ಎಂಬ ಆಟ, ನಿಲ್ಲಿಸುವಾಗ 24 ಅಕ್ಷರಗಳ ಒಂದು ಸಂಕೇತವನ್ನು ತೆರೆಯ ಮೇಲೆ ತೋರಿಸುತ್ತಿತ್ತು. ನಿಮ್ಮ ಬಳಿ ಯಾವ ಯಾವ ಸಾಮಗ್ರಿ ಇದೆ, ಎಲ್ಲಿಯವರೆಗೆ ಬಂದಿದ್ದೀರಿ ಎಂಬುದೆಲ್ಲ ಆ ಅಕ್ಷರಗಳಲ್ಲಿ ಅಡಕವಾಗಿರುತ್ತಿತ್ತು. ಮಾರನೆಯ ದಿನ ಅದನ್ನೇ ಮರಳಿ ಒತ್ತಿದರೆ ಆಟ ಅಲ್ಲಿಂದಲೇ ಮುಂದುವರಿಯುತ್ತಿತ್ತು. ನೆನಪು ಇದ್ದದ್ದು ಯಂತ್ರದಲ್ಲಲ್ಲ, ಆಟಗಾರನ ನೋಟ್ ಪುಸ್ತಕದಲ್ಲಿ.

ಅದೇ 1987ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಕಾರ್ಟ್ರಿಜ್‌ನಲ್ಲಿ ಇನ್ನೊಂದು ದಾರಿ ಹಿಡಿದಿದ್ದರು. ರೋಮ್ ಜೊತೆಗೆ ಸ್ಟ್ಯಾಟಿಕ್ ರ್‍ಯಾಮ್ ಎಂಬ ಎರಡನೆಯ ಚಿಪ್, ಅದಕ್ಕೆ ಆಸರೆಯಾಗಿ ಒಂದು ಪುಟ್ಟ ಲಿಥಿಯಂ ಬ್ಯಾಟರಿ. ಗೇಮ್ ಬಾಯ್‌ನ ಅನೇಕ ಆಟಗಳಲ್ಲೂ ಇದೇ ಏರ್ಪಾಡು ಬಂದಿತು. ಸ್ಟ್ಯಾಟಿಕ್ ರ್‍ಯಾಮ್‌ನ ಒಂದೊಂದು ಬಿಟ್ಟನ್ನೂ ಎರಡು ಪುಟ್ಟ ಮಂಡಲಗಳು ಸೇರಿ ಕಾಯುತ್ತವೆ. ಒಂದರ ಹೊರಹರಿವು ಇನ್ನೊಂದರ ಒಳಹರಿವು. ಒಂದು ‘1’ ಎಂದರೆ ಇನ್ನೊಂದು ‘0’ ಎನ್ನುತ್ತದೆ. ಆ ‘0’ ಮೊದಲನೆಯದರ ‘1’ನ್ನು ಗಟ್ಟಿಗೊಳಿಸುತ್ತದೆ. ಪರಸ್ಪರ ಕೈಹಿಡಿದು ನಿಂತ ಇಬ್ಬರ ಹಾಗೆ. ಆದರೆ ಹೀಗೆ ನಿಂತಿರಲು ಅವಕ್ಕೆ ಸದಾ ವಿದ್ಯುತ್ ಬೇಕು. ಯಂತ್ರ ಆರಿದಾಗ ಅದನ್ನು ಕೊಡುವುದೇ ಆ ಬ್ಯಾಟರಿಯ ಕೆಲಸ.

ಎಷ್ಟು ಕಾಲ ಕೊಟ್ಟೀತು? ಒಂದು ಲೆಕ್ಕ ಮಾಡಿ ನೋಡಿ. 20 ಮಿಲಿಮೀಟರ್ ಅಗಲ, ಎರಡೂವರೆ ಮಿಲಿಮೀಟರ್ ದಪ್ಪದ ಗುಂಡಿ ಬ್ಯಾಟರಿಯ ಸಾಮರ್ಥ್ಯ ಸುಮಾರು 165 ಮಿಲಿಆಂಪಿಯರ್-ಗಂಟೆ. ಸುಮ್ಮನೆ ನೆನಪಿಟ್ಟುಕೊಂಡಿರಲು ಚಿಪ್ ಒಂದು ಮೈಕ್ರೋಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಭಾಗಿಸಿದರೆ 1,65,000 ಗಂಟೆ, ಅಂದರೆ ಹತ್ತಿರಹತ್ತಿರ 19 ವರ್ಷ. ಎರಡು ಮೈಕ್ರೋಆಂಪಿಯರ್ ಆದರೆ ಅದರ ಅರ್ಧ. 1999ರಲ್ಲಿ ಜಪಾನಿನಲ್ಲಿ ಬಂದ ‘ಪೋಕೆಮಾನ್ ಗೋಲ್ಡ್’ ಮತ್ತು ‘ಸಿಲ್ವರ್’ ಕಾರ್ಟ್ರಿಜ್‌ಗಳಲ್ಲಿ ಅದೇ ಬ್ಯಾಟರಿ ಒಂದು ಗಡಿಯಾರವನ್ನೂ ನಡೆಸಬೇಕಿತ್ತು. ಹಾಗಾಗಿ ಅದು ಇನ್ನೂ ಬೇಗ ಬರಿದಾಗುತ್ತಿತ್ತು. ಎಣ್ಣೆ ತೀರಿದೊಡನೆ ದೀಪ ನಂದುವಂತೆ, ಬ್ಯಾಟರಿ ತೀರಿದೊಡನೆ ಉಳಿಸಿದ ಆಟವೂ ಇಲ್ಲವಾಗುತ್ತದೆ. ಹೊಸ ಬ್ಯಾಟರಿ ಹಾಕಿದರೆ ಕಾರ್ಟ್ರಿಜ್ ಮತ್ತೆ ಕೆಲಸ ಮಾಡುತ್ತದೆ, ಆದರೆ ಹಳೆಯ ಆಟ ಮರಳಿ ಬರುವುದಿಲ್ಲ.

ಹಾಗಾದರೆ ಕರೆಂಟಿನ ಹಂಗಿಲ್ಲದೆ ನೆನಪಿಟ್ಟುಕೊಳ್ಳುವ, ಆದರೂ ತಿದ್ದಲು ಬರುವ ಮೆಮೊರಿ ಸಾಧ್ಯವೆ? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1967ರಲ್ಲಿ ಡಾವಾನ್ ಕಾಂಗ್ ಮತ್ತು ಸೈಮನ್ ಸ್ಜೆ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ದಾರಿ ತೋರಿಸಿದರು. ಟ್ರಾನ್ಸಿಸ್ಟರಿನ ಒಳಗೆ, ಸುತ್ತಲೂ ವಿದ್ಯುನ್ನಿರೋಧಕ ಪದರದಿಂದ ಆವೃತವಾದ, ಯಾವುದಕ್ಕೂ ತಂತಿ ಸಂಪರ್ಕವಿಲ್ಲದ ಒಂದು ದ್ವೀಪ. ಹೆಚ್ಚು ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನುಗಳನ್ನು ಆ ದ್ವೀಪಕ್ಕೆ ದಾಟಿಸಿದರೆ, ಮರಳಿ ಬರಲು ದಾರಿ ಕಾಣದೆ ಅವು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಈ ತತ್ತ್ವದ ಮೇಲೆ ತೋಷಿಬಾ ಕಂಪನಿಯ ಫುಜಿಯೊ ಮಸುಓಕ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟರು. ಒಂದು ಇಡೀ ಭಾಗವನ್ನು ಕ್ಯಾಮೆರಾದ ಫ್ಲ್ಯಾಶ್ ಮಿಂಚಿದಂತೆ ಒಮ್ಮೆಲೇ ಅಳಿಸಬಹುದಾದ್ದರಿಂದ ಈ ಹೆಸರು.

ಫ್ಲ್ಯಾಶ್‌ಗೆ ಒಂದು ವಿಚಿತ್ರ ಸ್ವಭಾವವಿದೆ. ಅಳಿಸಿದಾಗ ಎಲ್ಲ ಬಿಟ್‌ಗಳೂ ‘1’ ಆಗುತ್ತವೆ. ಬರೆಯುವುದೆಂದರೆ ಬೇಕಾದ ಕಡೆ ‘1’ನ್ನು ‘0’ ಮಾಡುವುದು. ಆದರೆ ‘0’ ಆದದ್ದನ್ನು ಮತ್ತೆ ‘1’ ಮಾಡಬೇಕಾದರೆ ಆ ಒಂದನ್ನೇ ಮಾಡಲು ಬರುವುದಿಲ್ಲ. ಇಡೀ ಭಾಗವನ್ನು ಅಳಿಸಬೇಕು. ಸ್ಲೇಟಿನ ಮೇಲೆ ಒಂದಕ್ಷರ ತಪ್ಪಾದರೆ ಇಡೀ ಸ್ಲೇಟನ್ನೇ ಒರೆಸಿ ಮತ್ತೆ ಎಲ್ಲವನ್ನೂ ಬರೆದಂತೆ. ಪ್ರತಿ ಸಲ ಒರೆಸಿದಾಗಲೂ ನಿರೋಧಕ ಪದರ ಸ್ವಲ್ಪ ಸವೆಯುತ್ತದೆ. ಇಂಥ ಚಿಪ್‌ಗಳಿಗೆ ಸಾಮಾನ್ಯವಾಗಿ ಹೇಳುವ ಆಯುಸ್ಸು ಸುಮಾರು ಒಂದು ಲಕ್ಷ ಅಳಿಸುವಿಕೆ.

2001ರಲ್ಲಿ ‘ಗೇಮ್ ಬಾಯ್ ಅಡ್ವಾನ್ಸ್’ ಬಂದಾಗ ಅದರ ಕಾರ್ಟ್ರಿಜ್‌ಗಳಲ್ಲಿ ಮೂರು ಬಗೆಯ ಮೆಮೊರಿ ಬಳಕೆಗೆ ಬಂದವು: 32 ಕಿಲೋಬೈಟಿನ ಸ್ಟ್ಯಾಟಿಕ್ ರ್‍ಯಾಮ್; 512 ಬೈಟ್ ಅಥವಾ 8 ಕಿಲೋಬೈಟಿನ ಇ-ಇ-ಪ್ರಾಮ್ ಎಂಬ, ಫ್ಲ್ಯಾಶ್‌ನ ಹಿರಿಯಣ್ಣ; ಮತ್ತು 64 ಅಥವಾ 128 ಕಿಲೋಬೈಟಿನ ಫ್ಲ್ಯಾಶ್. ಯಾವ ಆಟಕ್ಕೆ ಯಾವುದು ಎಂಬುದನ್ನು ಆಟ ತಯಾರಿಸುವವರು ಮೊದಲೇ ನಿರ್ಧರಿಸಿ, ಅದಕ್ಕೆ ತಕ್ಕಂತೆ ಪ್ರೋಗ್ರಾಂ ಬರೆಯುತ್ತಿದ್ದರು.

ಇಲ್ಲಿಂದ ಕಥೆ ಸ್ವಾರಸ್ಯವಾಗುತ್ತದೆ. ಸ್ವಂತವಾಗಿ ಆಟ ಬರೆಯುವ ಹವ್ಯಾಸಿಗಳು ತಮ್ಮ ಆಟವನ್ನು ನಿಜವಾದ ಕೈಯಂತ್ರದಲ್ಲಿ ಆಡಿ ನೋಡುವುದು ಹೇಗೆ? ಅದಕ್ಕಾಗಿ ಬಂದದ್ದು ಫ್ಲ್ಯಾಶ್ ಕಾರ್ಟ್ರಿಜ್. ಇದರಲ್ಲಿ ಶಿಲಾಶಾಸನದಂಥ ರೋಮ್ ಇಲ್ಲ. ಅದರ ಜಾಗದಲ್ಲಿ ಮತ್ತೆ ಮತ್ತೆ ಬರೆಯಬಹುದಾದ ಮೆಮೊರಿ, ಬಹಳಷ್ಟು ಮಾದರಿಗಳಲ್ಲಿ ಜೊತೆಗೊಂದು ಬೆರಳ ತುದಿಯಷ್ಟಗಲದ ಮೆಮೊರಿ ಕಾರ್ಡ್. ಹತ್ತಾರು ಆಟಗಳನ್ನು ಕಾರ್ಡಿಗೆ ಹಾಕಿ, ಪಟ್ಟಿಯಿಂದ ಒಂದನ್ನು ಆರಿಸಿ ಆಡಬಹುದು. (ಬೇರೆಯವರ ಆಟವನ್ನು ಹಣ ಕೊಡದೆ ನಕಲು ಮಾಡಿಕೊಳ್ಳಲೂ ಇದನ್ನು ಬಳಸಿದವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಆ ದಾರಿ ನಮಗೆ ಬೇಡ.)

ಈಗ ತೊಡಕನ್ನು ಗಮನಿಸಿ. ಆಟಕ್ಕೆ ತಾನು ಬೇರೆಯ ಮನೆಯಲ್ಲಿದ್ದೇನೆ ಎಂಬುದು ಗೊತ್ತಿಲ್ಲ. ಫ್ಲ್ಯಾಶ್‌ಗಾಗಿ ಬರೆದ ಆಟವೊಂದು ಉಳಿಸಲು ಹೊರಟಾಗ ಮೊದಲು ಚಿಪ್ಪಿನ ಬೀಗ ತೆಗೆಯುತ್ತದೆ. ಗೊತ್ತಾದ ಒಂದು ವಿಳಾಸಕ್ಕೆ 170 ಎಂಬ ಸಂಖ್ಯೆ, ಇನ್ನೊಂದಕ್ಕೆ 85, ಆಮೇಲೆ ಅಪ್ಪಣೆ. ಈ ಎರಡು ಸಂಖ್ಯೆಗಳನ್ನು ದ್ವಿಮಾನದಲ್ಲಿ ಬರೆದು ನೋಡಿ: 10101010 ಮತ್ತು 01010101. ಅಕಸ್ಮಾತ್ತಾಗಿ ಇಂಥ ಜೋಡಿ ಸರಿಯಾದ ವಿಳಾಸಗಳಿಗೆ ಸರಿಯಾದ ಕ್ರಮದಲ್ಲಿ ಬೀಳುವುದು ಅಸಂಭವವೆಂದೇ ಹೇಳಬೇಕು. ಆದ್ದರಿಂದ ಇದೇ ಬೀಗದಕೈ. ಆದರೆ ಈ ಮನೆಯಲ್ಲಿರುವುದು ಸ್ಟ್ಯಾಟಿಕ್ ರ್‍ಯಾಮ್ ಆಗಿದ್ದರೆ? ಅದಕ್ಕೆ ಅಪ್ಪಣೆಯ ಭಾಷೆ ತಿಳಿಯದು. 170 ಎಂದರೆ 170 ಎಂದು ಬರೆದುಕೊಂಡು ಸುಮ್ಮನಾಗುತ್ತದೆ. ಚಿಪ್ಪಿನ ಗುರುತುಸಂಖ್ಯೆ ಕೇಳಿದ ಆಟಕ್ಕೆ ಅರ್ಥವಿಲ್ಲದ ಉತ್ತರ ಸಿಕ್ಕಿ, ಉಳಿಸುವ ಚಿಪ್ಪೇ ಇಲ್ಲ ಎಂದು ಅದು ತೀರ್ಮಾನಿಸುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ತೇಪೆ ಹಾಕುವ ವಿದ್ಯೆ. ಬಹುಪಾಲು ಆಟಗಳ ಒಳಗೆ, ಉಳಿಸುವ ಕೆಲಸ ಮಾಡುವ ಪ್ರೋಗ್ರಾಂ ತುಣುಕಿನ ಹೆಸರು ಮತ್ತು ಆವೃತ್ತಿ ಅಕ್ಷರರೂಪದಲ್ಲಿ ಉಳಿದುಕೊಂಡಿರುತ್ತದೆ. ಫ್ಲ್ಯಾಶ್ ಕಾರ್ಟ್ರಿಜ್‌ನ ತಂತ್ರಾಂಶ ಆ ಹೆಸರನ್ನು ಹುಡುಕಿ ಆಟಕ್ಕೆ ಯಾವ ಬಗೆಯ ಮೆಮೊರಿ ಬೇಕೆಂದು ತಿಳಿದುಕೊಳ್ಳುತ್ತದೆ. ಅನಂತರ, ಅನೇಕ ಹಳೆಯ ಮಾದರಿಗಳಲ್ಲಿ, ಆ ತುಣುಕನ್ನು ತೆಗೆದು ಸ್ಟ್ಯಾಟಿಕ್ ರ್‍ಯಾಮ್‌ಗೆ ನೇರವಾಗಿ ಬರೆಯುವ ತುಣುಕನ್ನು ಕೂಡಿಸುತ್ತದೆ. ಇನ್ನು ಕೆಲವು ಕಾರ್ಟ್ರಿಜ್‌ಗಳಲ್ಲಿ ಆಟವನ್ನು ಮುಟ್ಟದೆ, ಯಂತ್ರಾಂಶವೇ ಬೇಕಾದ ಚಿಪ್ಪಿನ ವೇಷ ಹಾಕಿ ಉತ್ತರ ಕೊಡುತ್ತದೆ.

ಅಲ್ಲಿಗೆ ಮುಗಿಯಿತೆ? ಇಲ್ಲ. ಸ್ಟ್ಯಾಟಿಕ್ ರ್‍ಯಾಮ್ ಸಾಮಾನ್ಯವಾಗಿ ಒಂದೇ, ಆಟಗಳು ಹತ್ತಾರು. ನಾಳೆ ನೀವು ಬೇರೊಂದು ಆಟ ತೆರೆದರೆ ಅದಕ್ಕೂ ಅದೇ ಜಾಗ ಬೇಕು. ಆದ್ದರಿಂದ ಬಹಳಷ್ಟು ಕಾರ್ಟ್ರಿಜ್‌ಗಳು ಹೀಗೆ ಮಾಡುತ್ತವೆ: ಆಟ ಉಳಿಸಿದ್ದು ರ್‍ಯಾಮ್‌ನಲ್ಲಿ ಬ್ಯಾಟರಿಯ ಆಸರೆಯಲ್ಲಿ ಕಾಯುತ್ತಿರುತ್ತದೆ. ಮುಂದಿನ ಸಲ ಯಂತ್ರ ಹಚ್ಚಿದಾಗ, ಆಟಗಳ ಪಟ್ಟಿ ತೋರಿಸುವ ಮೊದಲು, ಅದನ್ನು ಮೆಮೊರಿ ಕಾರ್ಡಿನ ಒಂದು ಕಡತಕ್ಕೆ ನಕಲಿಸುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ, ಯಂತ್ರ ಆರಿಸುವ ಮುನ್ನ ಗುಂಡಿ ಒತ್ತಿ ಪಟ್ಟಿಗೆ ಮರಳಿದರೆ ಮಾತ್ರ ನಕಲು ನಡೆಯುತ್ತದೆ.

ಅಂದರೆ, ತೆರೆಯ ಮೇಲೆ ‘ಉಳಿಸಲಾಗಿದೆ’ ಎಂದು ಮೂಡಿದ ಕ್ಷಣಕ್ಕೂ ಅದು ನಿಜವಾಗಿ ಕಾರ್ಡನ್ನು ತಲುಪುವ ಕ್ಷಣಕ್ಕೂ ನಡುವೆ ಒಂದು ರಾತ್ರಿ ಕಳೆಯಬಹುದು, ಒಂದು ಬೇಸಗೆ ರಜೆಯೇ ಕಳೆಯಬಹುದು. ಆ ನಡುವೆ ಬ್ಯಾಟರಿ ತೀರಿದರೆ ಆಟ ಹೋಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬ್ಯಾಟರಿ ಸತ್ತ ರ್‍ಯಾಮ್‌ನಲ್ಲಿ ಉಳಿದ ಅರ್ಥವಿಲ್ಲದ ಅಂಕಿಗಳನ್ನೇ ತಂತ್ರಾಂಶ ‘ಹೊಸ ಪ್ರತಿ’ ಎಂದು ಭಾವಿಸಿ, ಕಾರ್ಡಿನಲ್ಲಿದ್ದ ಒಳ್ಳೆಯ ಹಳೆಯ ಕಡತದ ಮೇಲೆ ಬರೆದುಬಿಡುವ ಅಪಾಯವೂ ಉಂಟು. ಆಟ ಸುಳ್ಳು ಹೇಳಲಿಲ್ಲ. ತನ್ನ ಪಾಲಿನ ಕೆಲಸ ಮುಗಿಯಿತು ಎಂದಷ್ಟೇ ಹೇಳಿತು. ಅದರ ಮುಂದಿನ ಮೆಟ್ಟಿಲುಗಳು ಅದಕ್ಕೆ ಕಾಣುವುದಿಲ್ಲ.

ಇದಕ್ಕೆ ಒಳ್ಳೆಯ ಉತ್ತರ 2002ರಲ್ಲಿ ಜಪಾನಿನಲ್ಲಿ ಬಂದ ‘ಪೋಕೆಮಾನ್ ರೂಬಿ’ ಮತ್ತು ‘ಸಫೈರ್’ ಆಟಗಳಲ್ಲಿದೆ. ಅವುಗಳ 128 ಕಿಲೋಬೈಟ್ ಫ್ಲ್ಯಾಶ್, ತಲಾ 4,096 ಬೈಟಿನ 32 ಭಾಗಗಳಾಗಿ ಹಂಚಿಹೋಗಿದೆ. ಆಟಗಾರನ ಪ್ರಗತಿಗೆ 14 ಭಾಗ ಸಾಕು. ಆದರೆ ಆಟ 28ನ್ನು ಮೀಸಲಿಡುತ್ತದೆ. ಒಂದು ಸಲ ಮೊದಲ 14ರಲ್ಲಿ ಬರೆದರೆ, ಮುಂದಿನ ಸಲ ಎರಡನೆಯ 14ರಲ್ಲಿ. ಪ್ರತಿ ಭಾಗದ ಕೊನೆಯಲ್ಲಿ ಇದು ಎಷ್ಟನೆಯ ಸಲ ಉಳಿಸಿದ್ದು ಎಂಬ ಎಣಿಕೆ, ಮತ್ತು ಒಳಗಿನ ಅಂಕಿಗಳನ್ನು ಕೂಡಿ ಪಡೆದ ತಾಳೆಸಂಖ್ಯೆ. ಬರೆಯುವ ನಡುವೆಯೇ ಯಂತ್ರ ಆರಿದರೆ ಹೊಸ ಪ್ರತಿಯ ತಾಳೆ ಕೂಡುವುದಿಲ್ಲ. ಆಗ ಆಟ ಹಿಂದಿನ ಪ್ರತಿಯನ್ನು ತೆರೆಯುತ್ತದೆ. ನೀವು ಕಳೆದುಕೊಳ್ಳುವುದು ಒಂದು ಸಂಜೆಯ ಆಟ, ವರ್ಷದ ಆಟವಲ್ಲ. ಇದರ ಹಿಂದಿರುವ ನಿಯಮ ಒಂದೇ: ಹೊಸದು ಸರಿಯಿದೆ ಎಂದು ಖಚಿತವಾಗುವವರೆಗೆ ಹಳೆಯದನ್ನು ಅಳಿಸಬೇಡ.

ದೂರದರ್ಶನ ಕಾರ್ಯಕ್ರಮ ತಯಾರಿಸುವ ನಮ್ಮ ವೃತ್ತಿಯಲ್ಲೂ ಇದೇ ಶಿಸ್ತು. ಹೊರಾಂಗಣ ಚಿತ್ರೀಕರಣ ಮುಗಿದಾಗ ಕ್ಯಾಮೆರಾದ ಕಾರ್ಡಿನಲ್ಲಿರುವುದನ್ನು ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲಿಸಿ, ಎರಡನ್ನೂ ತೆರೆದು ನೋಡಿದ ಮೇಲೆಯೇ ಕಾರ್ಡನ್ನು ಖಾಲಿ ಮಾಡುತ್ತೇವೆ. ನಕಲು ಮುಗಿಯಿತು ಎಂಬ ಸಾಲನ್ನು ನಂಬಿ ಅಳಿಸುವುದಿಲ್ಲ.

ನಿಮ್ಮ ಪ್ರಾಜೆಕ್ಟ್ ವರದಿಗೂ, ಪ್ರಯೋಗದ ಅಂಕಿಅಂಶಗಳಿಗೂ, ಮನೆಯ ಹಳೆಯ ಫೋಟೋಗಳಿಗೂ ಇದನ್ನೇ ಅನ್ವಯಿಸಿ ನೋಡಿ. ಇವತ್ತು ಸಂಜೆ ನಿಮಗೆ ತೀರ ಮುಖ್ಯವಾದ ಒಂದು ಕಡತವನ್ನು ಆರಿಸಿಕೊಳ್ಳಿ. ಅದು ಈಗ ಯಾವ ವಸ್ತುವಿನಲ್ಲಿದೆ, ಅದನ್ನು ಅಲ್ಲಿ ಹಿಡಿದಿಟ್ಟಿರುವುದು ಏನು, ಇನ್ನೊಂದು ಪ್ರತಿ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮೂರನೆಯ ಸಾಲು ಖಾಲಿ ಉಳಿದರೆ, ಮಲಗುವ ಮುನ್ನ ಮಾಡಬೇಕಾದ ಕೆಲಸ ಯಾವುದೆಂದು ನಿಮಗೇ ತಿಳಿಯುತ್ತದೆ.