ಸಾಲದ ಕಾರ್ಡು ಯಾವ ಭಾಷೆಯಲ್ಲಿದೆ?



ಇವತ್ತು ಸಾಲದ ಮಾತು ಆಡೋಣ. ಬೇಸರ ಮಾಡ್ಕೋಬೇಡಿ. ಸಾಲ ಇಲ್ಲದ ಮನೆ ನಮ್ಮ ಕಡೆ ಎಷ್ಟಿವೆ ಹೇಳಿ?

ಮಳೆ ಬಿತ್ತು ಅಂದರೆ ಬೀಜ ಬೇಕು, ಗೊಬ್ಬರ ಬೇಕು. ಕೈಯಲ್ಲಿ ಕಾಸಿರುವುದಿಲ್ಲ. ಆದೋನಿಯ ದಲಾಲಿ ಅಂಗಡಿಗೆ ಹೋಗುತ್ತೇವೆ. ಸಾಹುಕಾರರು ಕೊಡುತ್ತಾರೆ. ಹತ್ತಿ ಬಿಡಿಸಿದ ಮೇಲೆ ಅದೇ ಅಂಗಡಿಗೆ ಹಾಕಬೇಕು. ಅಸಲು, ಬಡ್ಡಿ, ಹಮಾಲಿ ಎಲ್ಲಾ ಮುರಿದುಕೊಂಡು ಉಳಿದದ್ದು ನಮ್ಮ ಕೈಗೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಹೊಳಗುಂದ ಕಡೆಯ ಜನ ಮನೆಗೆ ಬೀಗ ಹಾಕುತ್ತಾರೆ. ಮಕ್ಕಳನ್ನೂ ಕರಕೊಂಡು ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ.

ಈ ಕಷ್ಟ ಮೇಲಿನವರಿಗೆ ಗೊತ್ತೇ? ಒಂದು ಸಲ ಅವರೇ ಹಳ್ಳಿಗೆ ಬಂದು ಕೇಳಿದ್ದರು.

ನೂರರ ನೋಟು ಅಚ್ಚು ಹಾಕಿಸುವುದು ರಿಸರ್ವ್ ಬ್ಯಾಂಕು. ಅದು ದೇಶದ ಬ್ಯಾಂಕುಗಳಿಗೆಲ್ಲ ದೊಡ್ಡ ಬ್ಯಾಂಕು. 1951ರಲ್ಲಿ ಅದು ಎ.ಡಿ. ಗೋರ್ವಾಲಾ ಎಂಬುವರ ಮುಂದಾಳತನದಲ್ಲಿ ಒಂದು ಸಮಿತಿ ಮಾಡಿತು. ಆಗ ನಮ್ಮ ಆದೋನಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಸಮಿತಿಯ ಜನ ದೇಶದ 75 ಜಿಲ್ಲೆಗಳಲ್ಲಿ 600 ಹಳ್ಳಿ ಸುತ್ತಿದರು. ಒಂದು ಲಕ್ಷಕ್ಕೂ ಹೆಚ್ಚು ಮನೆಗಳ ಲೆಕ್ಕ ತೆಗೆದರು. "ಸಾಲ ಯಾರ ಹತ್ತಿರ ತಂದೆಯಪ್ಪಾ?" ಅಂತ ಕೇಳಿದರು.

1954ರಲ್ಲಿ ವರದಿ ಬಂತು. ರೈತರು ತಂದ ನೂರು ರೂಪಾಯಿ ಸಾಲದಲ್ಲಿ ಸುಮಾರು ಎಪ್ಪತ್ತು ರೂಪಾಯಿ ಬಡ್ಡಿ ವ್ಯಾಪಾರದವರದು. ಸಹಕಾರ ಸಂಘದ್ದು ಮೂರು ರೂಪಾಯಿ. ಬ್ಯಾಂಕಿನದು ಒಂದು ರೂಪಾಯಿಯೂ ಪೂರಾ ಇಲ್ಲ!

ಆ ಲೆಕ್ಕ ಕಪಾಟಿನಲ್ಲಿ ಉಳಿಯಲಿಲ್ಲ. 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಯಿತು. ಐದು ವರ್ಷದಲ್ಲಿ 400 ಹೊಸ ಶಾಖೆ ತೆರೆಯಬೇಕೆಂದು ಅದಕ್ಕೆ ಹೇಳಿದರು. 1969ರಲ್ಲಿ 14 ಬ್ಯಾಂಕುಗಳು ಸರಕಾರದ್ದಾದವು. 1975ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. ಗುಡಿಸಲಿನ ಮುಂದೆ ಕೂತು ಯಾರೋ ಅಜ್ಜ ಹೇಳಿದ ಉತ್ತರಕ್ಕೂ ಬೆಲೆ ಬಂತು ನೋಡಿ.

ಬಡ್ಡಿ ಸಾಲ ಹೋಯಿತಾ? ಹೋಗಲಿಲ್ಲ. ಸಾಹುಕಾರ ಕೇಳಿದ ಹೊತ್ತಿಗೆ ಕೊಡುತ್ತಾನೆ. ಬ್ಯಾಂಕಿನವರು ನಾಳೆ ಬಾ ಅನ್ನುತ್ತಾರೆ. ಅದು ನಿಜ. ಆದರೆ "ನೂರಕ್ಕೆ ಎರಡು" ಅಂದರೆ ತಿಂಗಳಿಗೆ ಎರಡು. ಹತ್ತು ಸಾವಿರಕ್ಕೆ ತಿಂಗಳಿಗೆ 200, ವರ್ಷಕ್ಕೆ 2,400 ರೂಪಾಯಿ. ಮೂರು ಅಂದರೆ 3,600. ಬಾಯಲ್ಲಿ ಸಣ್ಣದು, ಕಾಗದದ ಮೇಲೆ ಬರೆದರೆ ದೊಡ್ಡದು.

ಈಗ ವಾರದ ಕಂತು, ತಿಂಗಳ ಕಂತು ಅಂತ ಮನೆ ಬಾಗಿಲಿಗೇ ಬರುವ ಕಂಪನಿಗಳಿವೆ. ಮೊನ್ನೆ ಒಬ್ಬ ಅಕ್ಕ ತನ್ನ ಸಾಲದ ಕಾರ್ಡು ತಂದಿದ್ದಳು. ಪೂರಾ ಇಂಗ್ಲಿಷು. "ಎಷ್ಟು ಕಂತು ಕಟ್ಟಿದೀಯವ್ವಾ?" ಅಂದೆ. "ಅವರು ಹೇಳಿದಷ್ಟು ಕಟ್ಟೀನಿ ಸಾರ್" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಕೇಳಿ. ಇಂಥ ಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ವರ್ಷಕ್ಕೆ ಮೂರು ಲಕ್ಷದ ಒಳಗೆ ಆದಾಯ ಇರುವ ಮನೆಗೆ ಅಡವಿಲ್ಲದೆ ಕೊಡುವ ಸಾಲ ಇದು. ಸಾಲದ ಕಾರ್ಡು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ನಾವಿರುವುದು ಆಂಧ್ರದಲ್ಲಿ, ಕಾರ್ಡು ತೆಲುಗಿನಲ್ಲಿ ಬರಬಹುದು. ತೆಲುಗು ಓದಲು ಬಂದರೆ ಸರಿ. ಬರದಿದ್ದರೆ "ನನಗೆ ಕನ್ನಡದಲ್ಲಿ ಕೊಡಿ" ಅನ್ನಿ. ಅದು ಬೇಡುವ ಮಾತಲ್ಲ. ಗಡುವಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. ಊರ ಸಾಹುಕಾರನ ಕೈಸಾಲಕ್ಕೆ ಮಾತ್ರ ಈ ನಿಯಮ ಹತ್ತುವುದಿಲ್ಲ.

ತಕರಾರು ಇದ್ದರೆ ಮೊದಲು ಸಾಲ ಕೊಟ್ಟವರಿಗೇ ಬರೆದು ಕೊಡಿ. ಒಂದು ನಕಲು ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದು. ಹೇಗೆ ಅಂತ ತಿಳಿಯಲು ಫೋನ್ ನಂಬರು 14448. ದುಡ್ಡು ಹತ್ತುವುದಿಲ್ಲ.

ಮುಂದಿನ ವಾರ ಬರುವಾಗ ಮನೆಯಲ್ಲಿರುವ ಕಾರ್ಡು, ದಲಾಲಿ ಚೀಟಿ ತನ್ನಿ. ಪೆನ್ಸಿಲು ನಾನು ತರುತ್ತೇನೆ. ಕೂತು ಲೆಕ್ಕ ಹಾಕೋಣ.