ನೂರು ರೂಪಾಯಿಯ ಮುಂಬಯಿ

(ವಾಚನಾಲಯದ ಮಾಸಿಕ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ, ಹಗಲು ಗಿರಣಿಯ ಆಫೀಸಿನಲ್ಲಿ ನೂಲಿನ ಲೆಕ್ಕ ಬರೆದು, ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವವರು. ಕಾರ್ಯದರ್ಶಿಗಳು ನಾಲ್ಕು ಮಾತು ಆಡಿರೆಂದು ಅಪ್ಪಣೆ ಮಾಡಿದಾಗ, ತಿಳಿದ ಒಂದೇ ವಿದ್ಯೆಯಾದ ಲೆಕ್ಕವನ್ನೇ ಹಿಡಿದುಕೊಂಡು ಬಂದಿದ್ದೇವೆ. ಲೆಕ್ಕ ಇಷ್ಟೆ: ತಲೆಗೆ ದಿನಕ್ಕೆ ನೂರು ರೂಪಾಯಿ ಪ್ರಯಾಣದ ಖರ್ಚು ಇಟ್ಟುಕೊಂಡರೆ ಮುಂಬಯಿಯನ್ನು ನೋಡಬಹುದೆ?

ನೋಡಬಹುದು. ಆದರೆ ನಮ್ಮ ಘೋಡಬಂದರ್ ರಸ್ತೆಯವರಿಗೆ ಖರ್ಚು ಬೀಳುವುದು ಮುಂಬಯಿಯಲ್ಲಿ ಅಲ್ಲ, ಮನೆ ಬಾಗಿಲಿನಲ್ಲಿ. ಅದನ್ನು ಮೊದಲು ಹೇಳಿಬಿಡುತ್ತೇವೆ.

ಹಿಂದೆ ಅರಬರ ಕುದುರೆಗಳು ಬಂದಿಳಿಯುತ್ತಿದ್ದ ರೇವು ಎಂಬುದರಿಂದ ನಮ್ಮ ರಸ್ತೆಗೆ ಈ ಹೆಸರು. ಈಗ ಇಲ್ಲಿ ಇಳಿಯುವುದು ಕಟ್ಟಡಗಳ ಜಾಹೀರಾತು. ಮೂವತ್ತು ಮಹಡಿ, ಈಜುಕೊಳ, ಎಲ್ಲವೂ ಉಂಟು. ಲೋಕಲ್ ರೈಲಿನ ಸ್ಟೇಶನ್ನು ಮಾತ್ರ ಇಲ್ಲ. ಪಾತಲಿಪಾಡಾ, ವಾಘಬೀಳ, ಕಾಸಾರವಡವಲಿಯವರು ಯಾರೇ ಆಗಲಿ, ಮೊದಲು ಥಾಣೆ ಸ್ಟೇಶನ್ನನ್ನು ಸೇರಬೇಕು. 2025ರ ಫೆಬ್ರವರಿಯಿಂದ ರಿಕ್ಷಾ ಮೀಟರಿನ ಕನಿಷ್ಠ ದರ 26 ರೂಪಾಯಿ. ಅದು ಒಂದೂವರೆ ಕಿಲೋಮೀಟರಿಗೆ. ಥಾಣೆಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ವರೆಗೆ 34 ಕಿಲೋಮೀಟರು. ಎರಡನೇ ದರ್ಜೆಯಲ್ಲಿ ಹೋಗಿಬರಲು ಮೂವತ್ತು ರೂಪಾಯಿ ಮೀರದು. ಅಂದರೆ ರಿಕ್ಷಾದವನು ಗೇರು ಬದಲಿಸುವಷ್ಟರಲ್ಲಿ ರೈಲಿನವನು ನಮ್ಮನ್ನು ಮುಂಬಯಿಗೆ ಮುಟ್ಟಿಸಿದ್ದಾನೆ! ರಿಕ್ಷಾದವನನ್ನು ನಾವು ದೂರುತ್ತಿಲ್ಲ, ಅವನ ಹೊಟ್ಟೆಪಾಡೂ ಇದೇ ರಸ್ತೆಯದು. ನಾಲ್ವರ ಕುಟುಂಬವೊಂದು ಭಾನುವಾರ ಹೊರಡಬೇಕೆಂದು ಕುಳಿತರೆ, ಸ್ಟೇಶನ್ನಿನ ಖರ್ಚನ್ನು ನೆನೆದೇ ಚಪ್ಪಲಿ ಕಳಚುತ್ತದೆ ಎಂಬುದಷ್ಟೇ ನಮ್ಮ ಮಾತು.

ನಮ್ಮ ಸದಸ್ಯರೊಬ್ಬರ ತಾಯಿ ಕುಂದಾಪುರದ ಕಡೆಯವರು. ಮಗನ ಮನೆಗೆ ಬಂದು ಹತ್ತೊಂಬತ್ತು ವರ್ಷ. ಅವರಿಗೆ ಮುಂಬಯಿ ಎಂದರೆ ಪರೇಲಿನ ಒಂದು ಆಸ್ಪತ್ರೆ, ಅದೂ ಮೂರು ಸಲ. ಹೋದ ವರ್ಷ ನಾವು ಹನ್ನೊಂದು ಮಂದಿ ಕೂಡಿ ಹೊರಟಾಗ ಅವರನ್ನೂ ಕರೆದೊಯ್ದೆವು. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನಮ್ಮೂರ ಕಡಲೇ ಅಲ್ಲವೊ?" ಎಂದರು. ಹೌದಮ್ಮ, ಅದೇ ಎಂದೆವು. "ಇಷ್ಟು ಹತ್ತಿರ ಇತ್ತೆ!" ಎಂದರು. ಮಗ ಮುಖವನ್ನು ಆ ಕಡೆ ತಿರುಗಿಸಿಕೊಂಡ.

ನಮ್ಮ ಹನ್ನೊಂದು ಮಂದಿ ನಡೆದ ದಾರಿಯನ್ನು ಹೇಳುತ್ತೇವೆ. ಪುಸ್ತಕ ನೋಡಿ ಹೇಳುವುದಲ್ಲ, ಕಾಲು ಹೇಳುವುದು. ಟಿ.ಎಂ.ಟಿ. ಬಸ್ಸಿನಲ್ಲಿ ಸ್ಟೇಶನ್ನಿಗೆ, ಅಲ್ಲಿಂದ ರೈಲು. ಈ ರೈಲಿಗೂ ಒಂದು ಮರ್ಯಾದೆ ಉಂಟು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ಗಾಡಿ ಬೋರಿಬಂದರಿನಿಂದ ಬಂದು ನಿಂತದ್ದು ನಮ್ಮ ಥಾಣೆಯಲ್ಲಿ. ಇಂದು ಮುಂಬಯಿಯಲ್ಲಿ ನೆಲದಡಿಯ ಮೆಟ್ರೋ ಬಂದಿದೆ. ಆರೆಯಿಂದ ಕಫ್ ಪರೇಡಿನವರೆಗೆ 33.5 ಕಿಲೋಮೀಟರು, 2025ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು. ತಣ್ಣಗಿದೆ, ಚೆನ್ನಾಗಿದೆ. ಕೊನೆಯಿಂದ ಕೊನೆಗೆ 70 ರೂಪಾಯಿ. ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ನಮ್ಮ ಹಳೆಯ ಗಾಡಿ ಕೇಳುವುದೆಷ್ಟೆಂಬುದನ್ನು ಆಗಲೇ ಹೇಳಿದ್ದೇವೆ.

ಟರ್ಮಿನಸ್ಸಿನಲ್ಲಿ ಇಳಿದವರು ಓಡಬಾರದು. ನಿತ್ಯ ಓಡುವವರಿಗೆ ಆ ಕಟ್ಟಡದ ಕಂಬದ ಮೇಲೆ ಕೆತ್ತಿದ ಎಲೆ, ಹಕ್ಕಿ, ಅಳಿಲು ಕಾಣುವುದಿಲ್ಲ. ಯುನೆಸ್ಕೋ 2004ರಲ್ಲಿ ಅದನ್ನು ಲೋಕದ ಆಸ್ತಿ ಎಂದು ಪಟ್ಟಿಗೆ ಸೇರಿಸಿತು. ನೋಡಲು ಬೇಕಾದದ್ದು ರೈಲಿನ ಟಿಕೆಟು ಮಾತ್ರ. ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ನೆರಳಿನಲ್ಲೇ ಫ್ಲೋರಾ ಫೌಂಟನ್‌ವರೆಗೆ ಹೋಗಬಹುದು. ಬಿಸಿಲಿಲ್ಲ, ಕೊಡೆ ಬೇಡ. ಎಡಕ್ಕೆ ಹೊರಳಿದರೆ ಹಾರ್ನಿಮನ್ ಸರ್ಕಲ್ಲು, ಅದರಾಚೆ 1833ರ ಟೌನ್ ಹಾಲು. ಏಷಿಯಾಟಿಕ್ ಸೊಸೈಟಿಯ ಪುಸ್ತಕಭಂಡಾರ ಅಲ್ಲೇ ಇದೆ. ಅದರ ಮೆಟ್ಟಿಲುಗಳ ಮೇಲೆ ಕುಳಿತು ಡಬ್ಬಿಯ ಅವಲಕ್ಕಿ ತಿಂದೆವು. ಯಾರೂ ಏಳಿಸಲಿಲ್ಲ.

ಈ ಫೋರ್ಟಿನ ಗಲ್ಲಿಗಳು ಕನ್ನಡಿಗರಿಗೆ ಪರಕೀಯವಲ್ಲ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಇಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ವಕೀಲರೂ ಬ್ಯಾಂಕಿನವರೂ ಆದರು. ಅವರ ಬಳಿಯೂ ಟ್ರಾಮಿನ ಕಾಸು ಇರಲಿಲ್ಲ. 1964ರ ಮಾರ್ಚ್ 31ರಂದು ಕೊನೆಯ ಟ್ರಾಮು ಓಡಿತು. ಅದರಲ್ಲಿ ಕುಳಿತವರಿಗಿಂತ ಅದರ ಪಕ್ಕದಲ್ಲಿ ನಡೆದವರೇ ನಮ್ಮವರಲ್ಲಿ ಹೆಚ್ಚಿರಬೇಕು.

ಮುಂದೆ ಕಾಲಾ ಘೋಡಾ. ಅಲ್ಲಿ 1952ರಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಉಚಿತ. ಚಿತ್ರ ನಮಗೆ ಅರ್ಥವಾಗುತ್ತದೆಯೆ ಎಂದು ಹಿಂಜರಿಯಬೇಡಿ. ಅಲ್ಲಿ ನಿಂತವರಲ್ಲಿ ಅರ್ಧ ಮಂದಿ ನಮ್ಮಂತೆಯೇ ತಲೆ ಓರೆ ಮಾಡಿ ನೋಡುತ್ತಾರೆ. ಆಮೇಲೆ ಗೇಟ್‌ವೇ. ಅದರ ಎದುರಿನ ತಾಜ್ ಹೋಟೆಲು 1903ರದು, ಗೇಟ್‌ವೇ ಪೂರ್ತಿಯಾದದ್ದು 1924ರಲ್ಲಿ. ಹೋಟೆಲಿನೊಳಗಿನ ಚಹಾದ ಬೆಲೆ ನಮ್ಮ ಲೆಕ್ಕದ ಪುಸ್ತಕಕ್ಕೆ ಸೇರಿದ್ದಲ್ಲ. ಹೊರಗಿನಿಂದ ನೋಡಿದರೂ ಅದರ ಗುಮ್ಮಟ ಅಷ್ಟೇ ದೊಡ್ಡದು. ಹಿಂದಿರುಗಿ ಓವಲ್ ಮೈದಾನದ ನಡುವೆ ನಿಂತರೆ ಒಂದು ಕಡೆ ರಾಜಾಬಾಯಿ ಗೋಪುರವೂ ಹೈಕೋರ್ಟೂ, ಇನ್ನೊಂದು ಕಡೆ 1930ರ ದಶಕದ ನುಣ್ಣನೆಯ ದುಂಡು ಬಾಲ್ಕನಿಗಳ ಮನೆಗಳು. ಈ ಎರಡು ಸಾಲುಗಳನ್ನೂ 2018ರಲ್ಲಿ ಯುನೆಸ್ಕೋ ಮಾನ್ಯ ಮಾಡಿತು. ನಡುವೆ ಹುಡುಗರ ಕ್ರಿಕೆಟ್ಟು. ಅಲ್ಲಿಂದ ಕಡಲು ಹತ್ತು ನಿಮಿಷ. ಕತ್ತಲಾಗಿ ದೀಪ ಹತ್ತಿದ ಮೇಲೆ ಚರ್ಚ್‌ಗೇಟಿನಲ್ಲಿ ಹತ್ತಿ, ದಾದರಿನಲ್ಲಿ ಗಾಡಿ ಬದಲಿಸಿ ಥಾಣೆಗೆ ಬಂದೆವು. ಮುಂಬಯಿಯೊಳಗೆ ಬಸ್ಸಿಗೆ ಒಂದು ಕಾಸೂ ಖರ್ಚಾಗಲಿಲ್ಲ. ಕಾಲು ಸೋತವರಿದ್ದರೆ ಬೆಸ್ಟ್ ಬಸ್ಸುಂಟು. 2025ರ ಮೇ ತಿಂಗಳಲ್ಲಿ ಏರಿದ ಮೇಲೂ ಕನಿಷ್ಠ ದರ ಸಾದಾ ಬಸ್ಸಿಗೆ 10, ಹವಾನಿಯಂತ್ರಿತಕ್ಕೆ 12 ರೂಪಾಯಿ.

ಗಿರಣಿಯವರಾದ ನಮಗೆ ಇನ್ನೊಂದು ದಾರಿ ಹೇಳದೆ ಇರಲಾಗದು. ಕರಿ ರೋಡಿನಲ್ಲಿಳಿದು ಲೋವರ್ ಪರೇಲಿಗೆ ನಡೆಯಿರಿ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಾರ್ಮಿಕರು ಹೊರಬಂದರು. ಅನೇಕರು ಮತ್ತೆ ಒಳಗೆ ಹೋಗಲೇ ಇಲ್ಲ. ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಇಂದು ಮಾಲು ನಿಂತಿದೆ, ಹಳೆಯ ಚಿಮಣಿಯೂ ನಿಂತಿದೆ. ಒಳಗೆ ಹೋಗಲು ದುಡ್ಡಿಲ್ಲ. ಅಮೃತಶಿಲೆಯ ನೆಲದ ಮೇಲೆ ನಡೆದು, ಗಾಜಿನೊಳಗಿನ ಅಂಗಿಯ ಬೆಲೆ ಓದಿ, ಹೊರಗೆ ಬಂದು ಆ ಚಿಮಣಿಯನ್ನು ಒಮ್ಮೆ ತಲೆಯೆತ್ತಿ ನೋಡಿ. ಹೊರಡುವ ಮೊದಲು ನಮ್ಮ ಕಪಾಟಿನಲ್ಲಿರುವ ಯಶವಂತ ಚಿತ್ತಾಲರ 'ಶಿಕಾರಿ' ಓದಿದ್ದರೆ ಮುಂಬಯಿ ಬೇರೆಯಾಗಿಯೇ ಕಾಣುತ್ತದೆ.

ಕೆಲವು ಎಚ್ಚರಿಕೆ. ಭಾನುವಾರ ಮಧ್ಯ ರೈಲ್ವೆಯ ಮೆಗಾಬ್ಲಾಕ್ ಎಲ್ಲಿಂದ ಎಲ್ಲಿಗೆಂದು ಹಿಂದಿನ ದಿನದ ಪತ್ರಿಕೆಯಲ್ಲಿ ಬರುತ್ತದೆ, ನಮ್ಮ ಮೇಜಿನ ಮೇಲೇ ನೋಡಬಹುದು. ಎರಡನೇ ದರ್ಜೆಯ ಟಿಕೆಟು ಹಿಡಿದು ಮೊದಲ ದರ್ಜೆಗೆ ಹತ್ತಿದರೆ ದಂಡವೇ 250 ರೂಪಾಯಿ. ಎರಡು ದಿನದ ತಿರುಗಾಟ ಅಲ್ಲೇ ಮುಗಿಯಿತು. ಎ.ಸಿ. ಲೋಕಲಿನ ಟಿಕೆಟು ಬೇರೆ, ಅದು 35ರಿಂದ ಆರಂಭ.

ಉಳಿದದ್ದು ಮನೆಯಿಂದ ಸ್ಟೇಶನ್ನಿಗೆ. ಗಾಯಮುಖದಿಂದ ಮೆಟ್ರೋ ಹಳಿಯ ಮೇಲೆ 2025ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯ ಗಾಡಿ ಓಡಿದ್ದನ್ನು ನಾವೆಲ್ಲ ಬಾಲ್ಕನಿಯಿಂದ ನೋಡಿದೆವು. ಅದನ್ನು ನೆಚ್ಚಿ ಕೂರದೆ ಬಸ್ಸಿಗೇ ಹೊರಡೋಣ, ಕೂಡಿ ಹೊರಡೋಣ. ಬೆಳಗ್ಗೆ ಆರೂವರೆಗೆ ರಸ್ತೆ ಖಾಲಿ, ಬಸ್ಸಿನಲ್ಲಿ ಸೀಟು ಸಿಗುತ್ತದೆ. ಬರುವ ತಿಂಗಳ ಮೊದಲ ಭಾನುವಾರ ಪಾತಲಿಪಾಡಾ ಸ್ಟಾಪಿನಲ್ಲಿ ನಿಂತಿರುತ್ತೇವೆ. ಹೆಸರು ಬರೆಯಲು ಬಾಗಿಲ ಪಕ್ಕದ ಮೇಜಿನ ಮೇಲೆ ನೀಲಿ ಪುಸ್ತಕ ಇಟ್ಟಿದೆ. ಊರಿಂದ ಬಂದು ಮನೆಯಲ್ಲೇ ಉಳಿದಿರುವ ಹಿರಿಯರ ಹೆಸರನ್ನು ಮೊದಲು ಬರೆಯಿರಿ; ಅವರ ಚೀಲ ಹೊರಲು ನಾವು ನಾಲ್ವರು ಸ್ವಯಂಸೇವಕರಿದ್ದೇವೆ. ನೀರಿನ ಬಾಟಲಿ ಮರೆಯಬೇಡಿ.